ಬಯಲುಸೀಮೆಯ ಓಟಗಾರನಿಗೆ ಬೆಟ್ಟದ ಅಭ್ಯಾಸ

(ಅಂತಿಮ ಬಿ.ಎ. ವಿದ್ಯಾರ್ಥಿ)

ಕ್ರಾಸ್ ಕಂಟ್ರಿ ಎಂಬ ಓಟಕ್ಕೆ ಕನ್ನಡದಲ್ಲಿ ‘ಗುಡ್ಡಗಾಡು ಓಟ’ ಎಂಬ ಹೆಸರು ನೆಲೆನಿಂತಿದೆ. ಹೆಸರೇನೋ ಸೊಗಸಾಗಿದೆ, ಆದರೆ ಗುಡ್ಡವನ್ನೇ ಕಾಣದ ಊರಿನ ಹುಡುಗನಿಗೆ ಅದನ್ನು ಕೇಳಿದೊಡನೆ ಅರ್ಧ ಧೈರ್ಯ ಉಡುಗಿಹೋಗುತ್ತದೆ. ಕೊಡಗಿನಲ್ಲಿ ಹುಟ್ಟಿ ಬೆಳೆದವರಿಗೆ ಶಾಲೆಗೆ ಹೋಗುವ ದಾರಿಯೇ ಏರು, ಮನೆಗೆ ಮರಳುವ ದಾರಿಯೇ ಇಳಿಜಾರು. ಪಿರಿಯಾಪಟ್ಟಣ, ಹುಣಸೂರುಗಳ ಕಡೆಯಿಂದ ಈ ಕಾಲೇಜಿಗೆ ಬಂದಿರುವ ನನ್ನಂತಹವರಿಗೆ ಹಾಗಲ್ಲ. ಹೊಗೆಸೊಪ್ಪಿನ ಹೊಲ, ರಾಗಿಯ ಹೊಲ, ಒಂದು ಕೆರೆ, ನೇರವಾದ ರಸ್ತೆ: ಇಷ್ಟೇ ನಮ್ಮ ಪ್ರಪಂಚ. ಬೆಟ್ಟದವರೊಡನೆ ಬಯಲಿನವರು ಓಡಿ ಗೆಲ್ಲುವುದುಂಟೆ ಎಂದು ನಮ್ಮಲ್ಲಿ ಅನೇಕರು ಓಡುವುದಕ್ಕೆ ಮೊದಲೇ ಸೋತಿರುತ್ತಾರೆ. ಈ ಸೋಲು ಅನಾವಶ್ಯಕವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಇದು ಕೇವಲ ಪದಕ, ಬಟ್ಟಲುಗಳ ಮಾತಲ್ಲ. ಸೇನೆಗೂ ಪೊಲೀಸು ಇಲಾಖೆಗೂ ಸೇರಬಯಸುವ ಹುಡುಗರು 1600 ಮೀಟರ್ ಓಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮನೆತನದಲ್ಲಿ ಮೊದಲನೆಯವನಾಗಿ ಪದವಿಯ ತರಗತಿಗೆ ಕಾಲಿಟ್ಟವನಿಗೆ ಆ ನಾಲ್ಕು ಸುತ್ತಿನ ಓಟದಲ್ಲಿ ಕೆಲವು ಸೆಕೆಂಡುಗಳು ಹೆಚ್ಚು ಕಡಿಮೆಯಾದರೆ ಮನೆಯ ಸ್ಥಿತಿಯೇ ಹೆಚ್ಚು ಕಡಿಮೆಯಾಗುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಕೊಡಗಿನ ಗಾಳಿ ತೆಳುವಾದುದು, ಆದುದರಿಂದ ಇಲ್ಲಿಯವರಿಗೆ ಉಸಿರು ಹೆಚ್ಚು ಎಂದು ಹಲವರು ಹೇಳುವುದುಂಟು. ಮಡಿಕೇರಿಯ ಎತ್ತರ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್. ಬೆಂಗಳೂರೇ 900 ಮೀಟರಿನಷ್ಟಿದೆ. ಕೊಡಗಿನ ಅತ್ಯುನ್ನತ ಶಿಖರವಾದ ತಡಿಯಂಡಮೋಳ್ ಕೂಡ 1748 ಮೀಟರ್ ಮಾತ್ರ. ಗಾಳಿ ತೆಳುವಾಗಿ ರಕ್ತದ ಗುಣವೇ ಗಮನಾರ್ಹವಾಗಿ ಬದಲಾಗಬೇಕಾದರೆ ಸಾಮಾನ್ಯವಾಗಿ 2000 ಮೀಟರಿಗೆ ಮೇಲ್ಪಟ್ಟು ಕೆಲವು ವಾರಗಳಾದರೂ ವಾಸಿಸಬೇಕು. ಕೀನ್ಯಾ ದೇಶದ ಓಟಗಾರರ ಊರಾದ ಇಟೆನ್ ಇರುವುದು ಸುಮಾರು 2400 ಮೀಟರ್ ಎತ್ತರದಲ್ಲಿ. ಎಂದಮೇಲೆ ಕೊಡಗು ತನ್ನ ಮಕ್ಕಳಿಗೆ ಕೊಟ್ಟಿರುವುದು ತೆಳುವಾದ ಗಾಳಿಯನ್ನಲ್ಲ, ಇಳಿಜಾರಾದ ನೆಲವನ್ನು. ಗಾಳಿಯನ್ನು ಊರಿಗೆ ಹೊತ್ತುಕೊಂಡು ಹೋಗಲಾಗದು; ಇಳಿಜಾರನ್ನಾದರೋ ಎಲ್ಲಿ ಬೇಕಾದರೂ ಹುಡುಕಿಕೊಳ್ಳಬಹುದು.

ಏರು ಮಾಡುವ ಉಪಕಾರವೇನು? ಸಮನೆಲದಲ್ಲಿ ಓಡುವಾಗ ನಮ್ಮ ಶ್ರಮದ ಬಹುಭಾಗ ದೇಹವನ್ನು ಮುಂದಕ್ಕೆ ಸಾಗಿಸುವುದಕ್ಕೆ ವ್ಯಯವಾಗುತ್ತದೆ. ಏರಿನಲ್ಲಿ ಪ್ರತಿ ಹೆಜ್ಜೆಗೂ ದೇಹದ ಭಾರವನ್ನು ಮೇಲಕ್ಕೆತ್ತುವ ಕೆಲಸವೂ ಕೂಡಿಕೊಳ್ಳುತ್ತದೆ. ನೂರು ಅಡಿಗೆ ಹತ್ತು ಅಡಿ ಏರುವ ರಸ್ತೆಯಲ್ಲಿ ಅಷ್ಟೇ ದೂರ ಓಡಲು ತಗಲುವ ಶಕ್ತಿ ಸಮನೆಲದ ಒಂದೂವರೆ ಪಟ್ಟನ್ನೂ ಮೀರುತ್ತದೆ. ಮೀನಖಂಡ, ತೊಡೆ, ಪೃಷ್ಠಗಳ ಸ್ನಾಯುಗಳು ಬಲವಾಗಿ ದುಡಿಯುತ್ತವೆ. ಹೃದಯ ಶ್ವಾಸಕೋಶಗಳಿಗೆ ಒಳ್ಳೆಯ ಕೆಲಸ ದೊರೆಯುತ್ತದೆ. ಆದರೆ ವೇಗ ಕಡಿಮೆಯಾದುದರಿಂದ ಪಾದ ನೆಲಕ್ಕೆ ಅಪ್ಪಳಿಸುವ ಪೆಟ್ಟು ಕಡಿಮೆ. ವೇಗದ ಓಟದ ಲಾಭವನ್ನು ವೇಗದ ಓಟದ ಅಪಾಯವಿಲ್ಲದೆ ಪಡೆಯುವ ಉಪಾಯವೆಂದು ಇದನ್ನು ಕರೆಯಬಹುದು.

ಈ ಉಪಾಯವನ್ನು ಜಗತ್ತಿಗೆ ಚೆನ್ನಾಗಿ ತೋರಿಸಿಕೊಟ್ಟವನು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್. ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಈತ ತನ್ನ ಶಿಷ್ಯರನ್ನು ಆಕ್ಲೆಂಡ್ ನಗರದ ಬಳಿಯ ಬೆಟ್ಟಗಳಲ್ಲಿ 22 ಮೈಲಿಗಳ ಸುತ್ತು ಓಡಿಸುತ್ತಿದ್ದ. ದೀರ್ಘ ಓಟದ ತಿಂಗಳುಗಳಾದ ಮೇಲೆ, ಪಂದ್ಯಗಳಿಗೆ ಮುನ್ನ, ಕೆಲವು ವಾರಗಳನ್ನು ಏರಿನಲ್ಲಿ ನೆಗೆದು ಓಡುವುದಕ್ಕೆಂದೇ ಮೀಸಲಿಡುತ್ತಿದ್ದ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಆತನ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರ್ ಓಟವನ್ನೂ ಮರೆ ಹಾಲ್ಬರ್ಗ್ 5000 ಮೀಟರ್ ಓಟವನ್ನೂ ಒಂದೇ ದಿನ ಗೆದ್ದರು. ಗಮನಿಸಬೇಕಾದುದೇನೆಂದರೆ, ಈ ಎರಡು ಪಂದ್ಯಗಳೂ ನಡೆದದ್ದು ಸಮತಟ್ಟಾದ ಮೈದಾನದಲ್ಲಿ! ಬೆಟ್ಟದ ಅಭ್ಯಾಸ ಬೆಟ್ಟದ ಪಂದ್ಯಕ್ಕೆ ಮಾತ್ರವಲ್ಲ, 1600 ಮೀಟರಿನ ಪರೀಕ್ಷೆಗೂ ಬೇಕಾದುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬೆಟ್ಟವಿಲ್ಲದವರು ಮಾಡಿದ್ದೇನು? ಅದೇ 1960ರಲ್ಲಿ 1500 ಮೀಟರ್ ಓಟವನ್ನು 3 ನಿಮಿಷ 35.6 ಸೆಕೆಂಡುಗಳ ವಿಶ್ವದಾಖಲೆಯೊಡನೆ ಗೆದ್ದ ಆಸ್ಟ್ರೇಲಿಯದ ಹರ್ಬ್ ಎಲಿಯಟ್‌ನನ್ನು ಆತನ ಗುರು ಪರ್ಸಿ ಸೆರುಟಿ ಪೋರ್ಟ್‌ಸೀ ಎಂಬಲ್ಲಿಯ ಕಡಲತೀರದ ಮರಳುದಿಬ್ಬಗಳ ಮೇಲೆ ಹತ್ತಿಸಿ ಹತ್ತಿಸಿ ಪಳಗಿಸಿದ್ದ. ಅಷ್ಟು ದೂರವೇಕೆ? ಕೊಡಗಿನ ಪಶ್ಚಿಮಕ್ಕೆ ಘಟ್ಟವಿಳಿದರೆ ಕೇರಳದ ಕಡಲತೀರ. ಅಲ್ಲಿಯ ಪಯ್ಯೋಳಿಯ ಮರಳಿನಲ್ಲಿ ಓ.ಎಂ. ನಂಬಿಯಾರರ ಮಾರ್ಗದರ್ಶನದಲ್ಲಿ ಅಭ್ಯಾಸ ಮಾಡಿದ ಪಿ.ಟಿ. ಉಷಾ 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಕಂಚಿನ ಪದಕ ತಪ್ಪಿ ನಾಲ್ಕನೆಯವರಾದರು. ಕಾಲು ಹೂಳುವ ಮರಳು ಒಂದು ಬಗೆಯ ಏರೇ ಸರಿ.

ಇನ್ನು ನಮ್ಮ ಬಯಲಿಗೆ ಬರೋಣ. ನಮಗೆ ಕಡಲಿಲ್ಲ, ಕೆರೆಯುಂಟು, ಕೆರೆಗೆ ಏರಿಯುಂಟು. ಹೆಸರಿನಲ್ಲಿಯೇ ಏರಿರುವ ಈ ಮಣ್ಣಿನ ದಿಬ್ಬವೇ ಬಯಲುಸೀಮೆಯ ಬೆಟ್ಟ. ಏರಿಯ ಮೇಲಕ್ಕೆ ಗಾಡಿ ಹತ್ತುವ ಜಾಡು ಐದು ಮೀಟರ್ ಎತ್ತರ, ಐವತ್ತು ಮೀಟರ್ ಉದ್ದವಿದೆಯೆಂದು ಭಾವಿಸೋಣ. ಇಪ್ಪತ್ತು ಸಲ ಹತ್ತಿದರೆ ನೂರು ಮೀಟರ್ ಎತ್ತರ ಏರಿದಂತಾಯಿತು. ಕುಶಾಲನಗರದಿಂದ ಮಡಿಕೇರಿಗೆ ಇರುವ ಎತ್ತರದ ಅಂತರ ಸುಮಾರು 300 ಮೀಟರ್. ಹನಿಗೂಡಿದರೆ ಹಳ್ಳ ಎಂಬಂತೆ, ಮೂರು ದಿನದ ಅಭ್ಯಾಸದಲ್ಲಿ ನಮ್ಮೂರಿನ ಕೆರೆಯ ಬಳಿಯಲ್ಲಿಯೇ ನಿಂತು ಮಡಿಕೇರಿಯನ್ನು ಹತ್ತಿದಂತಾಯಿತು! ಆದರೆ ಜಾಡಿನಲ್ಲಿ ಮಾತ್ರ ಓಡತಕ್ಕದ್ದು. ಏರಿಯ ಮೈಯನ್ನೇ ದಿನವೂ ತುಳಿದರೆ ಮಣ್ಣು ಜರಿಯುತ್ತದೆ. ಊರಿನ ನೀರಿಗೆ ಕುತ್ತು ತಂದು ಪಡೆಯುವ ಬಲ ನಮಗೆ ಬೇಡ.

ಎರಡನೆಯದು ಮೆಟ್ಟಿಲು. ಒಂದೊಂದು ಮೆಟ್ಟಿಲು 15 ಸೆಂಟಿಮೀಟರ್ ಎತ್ತರವಿದ್ದರೆ, 44 ಮೆಟ್ಟಿಲುಗಳಿರುವ ಕಟ್ಟಡವನ್ನು ಹದಿನೈದು ಸಲ ಹತ್ತಿದಾಗ ಅದೇ ನೂರು ಮೀಟರ್ ಬರುತ್ತದೆ. ಮೈಸೂರಿನವರಿಗೆ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳ ಭಾಗ್ಯವೇ ಇದೆ. ಹತ್ತುವಾಗ ಓಡಬಹುದು, ಇಳಿಯುವಾಗ ನಡೆದೇ ಇಳಿಯಬೇಕು. ನಗರಗಳ ವ್ಯಾಯಾಮಶಾಲೆಗಳಲ್ಲಿ ಟ್ರೆಡ್‌ಮಿಲ್ ಯಂತ್ರವನ್ನು ಓರೆಮಾಡಿ ಏರನ್ನು ಸೃಷ್ಟಿಸಿಕೊಳ್ಳುತ್ತಾರೆ. ಹಣವುಳ್ಳವರಿಗೆ ಅದೂ ಆದೀತು. ಹಣವಿಲ್ಲದವರು ಹಳೆಯ ಟೈರೊಂದಕ್ಕೆ ಹಗ್ಗ ಕಟ್ಟಿ ಸೊಂಟಕ್ಕೆ ಬಿಗಿದು ಹೊಲದಲ್ಲಿ ಎಳೆದುಕೊಂಡು ಓಡಿದರೆ ಕಾಲಿಗೆ ಏರಿನಂತಹ ಶ್ರಮವೇ ದೊರೆಯುತ್ತದೆ.

ಏರಿಗಿಂತ ಇಳಿಜಾರು ಕಠಿಣವೆಂಬುದು ಬಯಲಿನವರಿಗೆ ತಿಳಿಯುವುದು ತಡವಾಗಿ. ಏರುವಾಗ ಉಸಿರು ನೋಯುತ್ತದೆ, ಇಳಿದ ಮರುದಿನ ತೊಡೆ ನೋಯುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹವನ್ನು ತಡೆಹಿಡಿಯಬೇಕು. ಈ ಬಗೆಯ ದುಡಿಮೆಯಿಂದ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಗಾಯಗಳಾಗುತ್ತವೆ. ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಟದ ಹಾದಿ ಒಟ್ಟಿನಲ್ಲಿ ಸುಮಾರು 140 ಮೀಟರ್ ಕೆಳಗಿಳಿಯುತ್ತದೆ. ಆದರೂ ಅದು ಕಠಿಣವೆಂದು ಹೆಸರಾಗಿದೆ. ಮೊದಲರ್ಧದ ಇಳಿಜಾರು ತೊಡೆಯನ್ನು ಹಣ್ಣುಮಾಡಿದ ಮೇಲೆ 32ನೆಯ ಕಿಲೋಮೀಟರು ದಾಟಿದಾಗ ‘ಎದೆಯೊಡೆಯುವ ದಿಣ್ಣೆ’ ಎದುರಾಗುವುದೇ ಇದಕ್ಕೆ ಕಾರಣ. ಸಂತೋಷದ ಸಂಗತಿಯೆಂದರೆ, ಒಮ್ಮೆ ಸ್ವಲ್ಪ ಇಳಿಜಾರನ್ನು ಅನುಭವಿಸಿದ ಸ್ನಾಯು ಮುಂದೆ ಕೆಲವು ವಾರಗಳವರೆಗೆ ಅಷ್ಟು ನೋಯುವುದಿಲ್ಲ. ಇಳಿಜಾರೇ ಸಿಗದವರಿಗೆ ನಮ್ಮ ಗರಡಿಮನೆಯ ಬಸ್ಕಿಯೇ ಮದ್ದು. ನಾಲ್ಕು ಎಣಿಸುವಷ್ಟು ಹೊತ್ತು ನಿಧಾನವಾಗಿ ಕುಳಿತು, ಒಂದು ಎಣಿಸುವುದರಲ್ಲಿ ಏಳಬೇಕು. ನಿಧಾನವಾಗಿ ಕುಳಿತುಕೊಳ್ಳುವಾಗ ತೊಡೆ ಮಾಡುವ ಕೆಲಸವೇ ಇಳಿಜಾರಿನ ಕೆಲಸ.

ಅಭ್ಯಾಸದ ಕ್ರಮ ಸರಳವಾದುದು. ಮೊದಲು ಎರಡು ತಿಂಗಳಾದರೂ ಸಮನೆಲದಲ್ಲಿ ಹಿತವಾಗಿ ಓಡಿ ಕಾಲನ್ನು ಗಟ್ಟಿಮಾಡಿಕೊಳ್ಳಬೇಕು. ಅನಂತರ ಆರು ವಾರ, ವಾರಕ್ಕೆ ಎರಡು ದಿನ ಮಾತ್ರ, ನಡುವೆ ಎರಡು ದಿನವಾದರೂ ಬಿಡುವಿಟ್ಟು ಏರಿನ ಓಟ. ಹದಿನೈದು ನಿಮಿಷ ಮೆಲ್ಲಗೆ ಓಡಿ ಮೈ ಬಿಸಿಮಾಡಿಕೊಂಡು ಎಂಟು ಸಲದಿಂದ ಪ್ರಾರಂಭಿಸಿ, ವಾರವಾರಕ್ಕೂ ಎರಡೆರಡು ಹೆಚ್ಚಿಸುತ್ತ ಹೋಗಬೇಕು. ಹೆಜ್ಜೆ ಚಿಕ್ಕದಾಗಿರಲಿ, ಸೊಂಟದಿಂದ ಬಾಗದೆ ಎದೆ ನೆಟ್ಟಗಿರಲಿ, ದೃಷ್ಟಿ ಕಾಲಿನ ಮೇಲಲ್ಲ, ನಾಲ್ಕು ಮಾರು ಮುಂದಿರಲಿ, ಕೈಗಳು ಚೆನ್ನಾಗಿ ಬೀಸಲಿ. ಕೆಳಗಿಳಿಯುವ ಹೊತ್ತೇ ವಿಶ್ರಾಂತಿಯ ಹೊತ್ತು. ಮೊಣಕಾಲಿನಲ್ಲಿಯೋ ಹಿಮ್ಮಡಿಯ ನರದಲ್ಲಿಯೋ ನೋವು ತೋರಿದರೆ ಆ ವಾರ ಏರನ್ನು ಬಿಟ್ಟುಬಿಡಬೇಕು.

ಬೆಟ್ಟದವರಿಗೂ ತೊಡಕುಗಳಿಲ್ಲದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ರಸ್ತೆ ಪಾಚಿಗಟ್ಟಿ ಜಾರುತ್ತದೆ. ಬೆಳಗಿನ ಜಾವ ಕಾಫಿ ತೋಟದ ದಾರಿಯಲ್ಲಿ ಆನೆಯ ಭಯ. ಹುಡುಗಿಯರು ನಸುಕಿನಲ್ಲಿ ಒಬ್ಬೊಬ್ಬರೇ ಹೊರಡುವುದು ಇನ್ನೂ ಕಷ್ಟ. ಆದುದರಿಂದ ಮೆಟ್ಟಿಲಿನ ಅಭ್ಯಾಸ ಬಯಲಿನವರಿಗೆ ಮಾತ್ರವಲ್ಲ, ನಮ್ಮೆಲ್ಲರಿಗೂ ಬೇಕು. ಬೆಳಗ್ಗೆ ಆರರಿಂದ ಏಳರವರೆಗೆ ಕಾಲೇಜಿನ ಮೆಟ್ಟಿಲುಗಳ ಬಾಗಿಲನ್ನು ತೆರೆದಿಡಿಸಿ, ವ್ಯಾಯಾಮ ಶಿಕ್ಷಕರು ಒಂದು ಗಂಟೆ ಜೊತೆಗಿರುವಂತೆ ಏರ್ಪಡಿಸಿದರೆ ಯಾವ ಖರ್ಚೂ ಇಲ್ಲದೆ ನಮಗೊಂದು ಬೆಟ್ಟ ದೊರೆತಂತಾಗುತ್ತದೆ ಎಂದು ಮಾನ್ಯ ಪ್ರಾಂಶುಪಾಲರಲ್ಲಿ ವಿನಯಪೂರ್ವಕವಾಗಿ ಬಿನ್ನವಿಸುತ್ತೇನೆ.

ರಜೆಗೆ ಊರಿಗೆ ಹೋಗುವ ಗೆಳೆಯರಿಗೆ ನನ್ನದೊಂದೇ ಮಾತು. ಇಲ್ಲಿ ಪಡೆದ ಬಲ ಅಲ್ಲಿ ಎರಡು ತಿಂಗಳಲ್ಲಿ ಕರಗಿಹೋಗದಂತೆ ನೋಡಿಕೊಳ್ಳಿರಿ. ಮನೆಯ ಮುಂದೆ ಬೆಟ್ಟವಿಲ್ಲವೆಂದು ಕುಳಿತವನಿಗೆ ಬೆಟ್ಟ ಎಂದಿಗೂ ಬೆಟ್ಟವಾಗಿಯೇ ಉಳಿಯುತ್ತದೆ. ಕೆರೆಯ ಏರಿಯನ್ನು ದಿನಕ್ಕೆ ಇಪ್ಪತ್ತು ಸಲ ಹತ್ತಿದವನು ಮುಂದಿನ ವರ್ಷದ ಗುಡ್ಡಗಾಡು ಓಟದಲ್ಲಿ ಗೆಲ್ಲುವನೋ ಇಲ್ಲವೋ, ಹೆದರದೆ ಓಡುವನೆಂಬುದಂತೂ ನಿಜ.