ಪಾತ್ರವೂ ಪಾತ್ರಧಾರಿಯೂ: ಧಾರಾವಾಹಿಯ ಪ್ರೇಕ್ಷಕನಿಷ್ಠೆ

ಹಲವು ವರ್ಷ ನಡೆಯುವ ದೂರದರ್ಶನ ಧಾರಾವಾಹಿಯಿಂದ ಜನರು ಮೆಚ್ಚಿಕೊಂಡ ಪಾತ್ರವೊಂದು ನಿರ್ಗಮಿಸಿದರೂ ಪ್ರೇಕ್ಷಕರು ಅದನ್ನು ಬಿಡದೆ ನೋಡುತ್ತಿರುವುದೇಕೆ? ವಿದ್ವಜ್ಜನರು ಇದನ್ನು ಹಗುರವಾದ ಪ್ರಶ್ನೆಯೆಂದು ಬದಿಗೆ ಸರಿಸಬಹುದು. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ನಿಂತು ವಿಚಾರಿಸಿದರೆ, ಇದು ದೂರದರ್ಶನಕ್ಕಿಂತ ಬಹು ಹಳೆಯ ಪ್ರಶ್ನೆಯೆಂಬುದು ತಿಳಿದುಬರುತ್ತದೆ.

ಈ ಸೀಮೆಯ ಜನರಿಗೆ ಶ್ರೀಕೃಷ್ಣ ಪಾರಿಜಾತವು ಚಿರಪರಿಚಿತ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಳೆದುಬಂದ ಈ ಆಟದಲ್ಲಿ ಕೃಷ್ಣ, ಸತ್ಯಭಾಮೆ, ರುಕ್ಮಿಣಿ, ನಾರದ, ಕೊರವಂಜಿ ಇವರೇ ಮತ್ತೆ ಮತ್ತೆ ಬರುತ್ತಾರೆ. ಕಥೆ ಎಲ್ಲರಿಗೂ ಗೊತ್ತು. ಬದಲಾಗುವವರು ವೇಷಧಾರಿಗಳು ಮಾತ್ರ. ಕೌಜಲಗಿ ನಿಂಗಮ್ಮನಂತಹ ಕೀರ್ತಿವಂತ ಕಲಾವಿದೆಯ ಕಾಲ ಮುಗಿದ ಮೇಲೂ ಪಾರಿಜಾತ ನಿಲ್ಲಲಿಲ್ಲ. ಹಿಂದಿನವರ ಹಾಡುಗಾರಿಕೆಯನ್ನು ನೆನೆದು ನಿಟ್ಟುಸಿರಿಡುವ ಹಿರಿಯರೂ ಬೆಳಗಾಗುವವರೆಗೆ ಕುಳಿತು ಹೊಸಬರ ಆಟವನ್ನು ನೋಡುತ್ತಾರೆ. ಹೋಲಿಸಿ ನೋಡುವುದೇ ಅವರ ರಸಿಕತೆಯ ಒಂದಂಗ.

ಕಂಪನಿ ನಾಟಕಗಳ ಅನುಭವವೂ ಇದಕ್ಕೆ ಹೊರತಾದುದಲ್ಲ. 1914ರಲ್ಲಿ ಜನಿಸಿ 2017ರಲ್ಲಿ ನಿಧನರಾದ ಏಣಗಿ ಬಾಳಪ್ಪನವರು ಎಳೆಯ ವಯಸ್ಸಿನಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾಗಿ, ಮುಂದೆ ಬಸವೇಶ್ವರರ ಪಾತ್ರದಿಂದ ಜನಮನದಲ್ಲಿ ನೆಲೆಸಿದರು. ಬಸವಣ್ಣನವರ ಜನ್ಮಸ್ಥಳವೆಂದು ಪೂಜ್ಯವಾದ ಬಾಗೇವಾಡಿಯ ಸೀಮೆಯವರಿಗೆ ಆ ಪಾತ್ರವು ಯಾವ ನಟನೊಬ್ಬನ ಸ್ವತ್ತೂ ಅಲ್ಲ. ಭಾರತೀಯ ಕಾವ್ಯಮೀಮಾಂಸೆಯು ಅನುಕಾರ್ಯ, ಅನುಕರ್ತೃ ಎಂದು ಮಾಡಿದ ಭೇದವನ್ನು ಶಾಸ್ತ್ರ ಓದದ ಈ ಪ್ರೇಕ್ಷಕರು ರೂಢಿಯಿಂದಲೇ ಬಲ್ಲರು.

ಇಂತಹ ಪ್ರೇಕ್ಷಕರ ನಡುವೆ ದೂರದರ್ಶನವು ಬಂದುದೂ ಗಮನಾರ್ಹ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ದ ಜಿಲ್ಲೆಗಳು ಬಿಜಾಪುರ, ಗುಲಬರ್ಗಾ, ರಾಯಚೂರು. ಆಯ್ದ ಹಳ್ಳಿಗಳಲ್ಲಿ ಊರಿಗೊಂದು ಪೆಟ್ಟಿಗೆಯ ಮುಂದೆ ಜನರು ಬಯಲಾಟಕ್ಕೆ ನೆರೆದಂತೆ ನೆರೆದರು. ಕೂಡಿ ನೋಡುವ ಆ ಹಳೆಯ ರೂಢಿಯು ಮುಂದೆ ಮನೆಯ ಪಡಸಾಲೆಗೆ ಬಂದು ಸೇರಿತು.

ಆದರೆ ಧಾರಾವಾಹಿಯು ಒಂದು ಮುಖ್ಯ ವಿಷಯದಲ್ಲಿ ಆಟದಿಂದ ಭಿನ್ನವಾಗಿದೆ. ಬಯಲಾಟದಲ್ಲಿ ಕೃಷ್ಣನನ್ನು ಬಣ್ಣ, ಕಿರೀಟಗಳಿಂದ ಗುರುತಿಸುತ್ತೇವೆ. ಧಾರಾವಾಹಿಯಲ್ಲಿ ಗುರುತು ನಟನ ಮುಖವೇ. ಆ ಮುಖವು ವಾರದ ಹೆಚ್ಚಿನ ದಿನಗಳಲ್ಲಿ, ಊಟದ ಹೊತ್ತಿಗೆ, ಅತಿ ಸಮೀಪದಿಂದ ಕಾಣಿಸಿಕೊಳ್ಳುತ್ತದೆ. ಹೋಲಿಕೆಗೆ ಇನ್ನೊಬ್ಬ ಪಾತ್ರಧಾರಿ ಇಲ್ಲವಾದುದರಿಂದ ನಟನೂ ಪಾತ್ರವೂ ಒಂದೇ ಆಗಿಬಿಡುತ್ತವೆ. ಆದುದರಿಂದಲೇ ಇಲ್ಲಿ ನಿರ್ಗಮನದ ನೋವು ತೀವ್ರವಾದುದು.

ಆ ತೆರವನ್ನು ತುಂಬುವ ಬಗೆಗಳು ಹಲವು. 2012ರಲ್ಲಿ ಆರಂಭವಾದ ‘ಪುಟ್ಟಗೌರಿ ಮದುವೆ’ಯಲ್ಲಿ ಬಾಲಕಿ ಗೌರಿಯಾಗಿದ್ದ ಸಾನ್ಯಾ ಅಯ್ಯರ್ ಅವರ ಸ್ಥಾನಕ್ಕೆ, ಗೌರಿಯು ಬೆಳೆದ ಮೇಲೆ, ರಂಜನಿ ರಾಘವನ್ ಬಂದರು. ಮಗು ಬೆಳೆಯುವುದು ಲೋಕಸಹಜವಾದುದರಿಂದ ಈ ಬದಲಾವಣೆಗೆ ಮನಸ್ಸು ಸುಲಭವಾಗಿ ಒಪ್ಪುತ್ತದೆ. 2019ರಲ್ಲಿ ಆರಂಭವಾದ ‘ಜೊತೆ ಜೊತೆಯಲಿ’ಯದು ಕಠಿಣತರವಾದ ಪರೀಕ್ಷೆ. ಆರ್ಯವರ್ಧನನ ಪಾತ್ರದಿಂದ ಅನಿರುದ್ಧ ಅವರು 2022ರಲ್ಲಿ ಹೊರಬಂದರು. ಹರೀಶ್ ರಾಜ್ ಅವರ ಪ್ರವೇಶದೊಡನೆ ಕಥೆ ಮುಂದುವರಿದು 2023ರಲ್ಲಿ ಮುಗಿಯಿತು. ಇಲ್ಲಿ ಬದಲಾದುದು ವಯಸ್ಸಲ್ಲ, ನಡುವಯಸ್ಸಿನ ಪರಿಚಿತ ಮುಖ. ಬ್ರಿಟನ್ನಿನಲ್ಲಿ 1960ರಿಂದ ನಡೆದುಬಂದಿರುವ ‘ಕಾರೋನೇಶನ್ ಸ್ಟ್ರೀಟ್’ ಇನ್ನೊಂದು ದಾರಿ ಹಿಡಿದಿದೆ: ಅಲ್ಲಿ ವ್ಯಕ್ತಿಗಳು ಬಂದುಹೋದರೂ ಬೀದಿಯೇ ಕಥೆಯ ನಾಯಕ.

ಇವನ್ನೆಲ್ಲ ಪರಿಶೀಲಿಸಿದರೆ ನಮಗೆ ತೋರುವುದಿಷ್ಟು. ಉಳಿದ ಪ್ರೇಕ್ಷಕನ ನಿಷ್ಠೆಯು ಹೋದವರನ್ನು ಮರೆತದ್ದರ ಫಲವಲ್ಲ. ಹೋದವನಿಂದ ಕಥೆಯೊಳಗೆ ನೊಂದು ಉಳಿದವರು ಇದ್ದಾರೆ; ಅವರ ಗತಿ ಏನಾಯಿತೆಂಬ ಕಾಳಜಿ ಅವನಿಗಿದೆ. ಮಗ್ಗುಲಲ್ಲಿ ಕೂಡಿ ನೋಡುವ ಅತ್ತೆ, ಸೊಸೆ, ಮೊಮ್ಮಗಳು ಇದ್ದಾರೆ; ಆ ಹೊತ್ತನ್ನು ಅವನು ಬಿಡಲಾರ. ಹಾಗೆಂದು ಈ ನಿಷ್ಠೆ ಬೇಷರತ್ತಾದುದೂ ಅಲ್ಲ. ಹೋದವನಿಗಾಗಿ ಕಥೆಯು ಶೋಕಿಸದೆ, ಅವನು ಇರಲೇ ಇಲ್ಲವೆಂಬಂತೆ ನಡೆದರೆ, ಬಿಟ್ಟೇಳುವ ಪ್ರೇಕ್ಷಕನದೂ ಸಾಧುವಾದ ವಿಮರ್ಶೆಯೇ.

ಒಬ್ಬ ಕೃಷ್ಣನೊಡನೆ ಪ್ರೇಕ್ಷಕರೆಲ್ಲ ಎದ್ದುಹೋಗಿದ್ದರೆ ಪಾರಿಜಾತವು ನಮ್ಮವರೆಗೆ ಬರುತ್ತಿರಲಿಲ್ಲ. ಹೊಸಬನಿಗೆ ಒಂದು ರಾತ್ರಿಯ ಅವಕಾಶ ಕೊಟ್ಟ ಆ ತಾಳ್ಮೆಯೇ ನಮ್ಮ ರಂಗಪರಂಪರೆಯನ್ನು ಉಳಿಸಿತು. ಆದುದರಿಂದ ನಮ್ಮ ವಿದ್ಯಾರ್ಥಿಗಳು ತಂತಮ್ಮ ಮನೆಗಳಲ್ಲಿ ಧಾರಾವಾಹಿ ನೋಡುವ ಹಿರಿಯರನ್ನು ನಗೆಯಾಡದೆ, ಯಾರು ಹೋದಾಗ ನೊಂದರು, ಏಕೆ ಉಳಿದರು ಎಂದು ಕೇಳಿ ಬರೆದಿಡಬೇಕೆಂದು ನಾವು ಸೂಚಿಸುತ್ತೇವೆ.