ನಿಮಗಿದು ಗೊತ್ತೆ?: ಜನರಿಲ್ಲದ ಊರು, ಊರಿಲ್ಲದ ಜನ

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿದ್ದ ಗ್ರಾಮಗಳು 29,340. ಜನವಾಸವಿದ್ದದ್ದು 27,397ರಲ್ಲಿ ಮಾತ್ರ. ಉಳಿದ 1,943 ಊರುಗಳಲ್ಲಿ ಒಬ್ಬರೂ ಇರಲಿಲ್ಲ!

ಇವೇ ‘ಬೇಚರಾಕ್’ ಗ್ರಾಮಗಳು. ಪಾರಸಿಯಲ್ಲಿ ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು! ಕಂದಾಯ ಇಲಾಖೆಯ ಕಡತದಲ್ಲಿ ಇಷ್ಟು ನೋವಿನ ಪದ ಇನ್ನೊಂದಿರಲಾರದು. ಹಲವೆಡೆ ಪ್ಲೇಗು, ಮಲೇರಿಯಾ, ಬರಗಾಲಗಳಿಗೆ ಹೆದರಿ ಜನ ಗುಳೆ ಎದ್ದರು. ಗಡಿ, ನಕ್ಷೆ, ಸರ್ವೆ ನಂಬರು ಹಾಗೇ ಉಳಿದವು. ಅಲ್ಲಿನ ಹೊಲಗಳನ್ನು ಪಕ್ಕದೂರಿನವರು ಉಳುತ್ತಾರೆ. ಕೆಲವೆಡೆ ಪಾಳುಬಿದ್ದ ಊರಿನ ಹನುಮಪ್ಪನಿಗೆ ಇಂದಿಗೂ ವರ್ಷಕ್ಕೊಮ್ಮೆ ಪೂಜೆ ತಪ್ಪುವುದಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದೂ ಇದೆ: ಮನೆ, ಮಕ್ಕಳು, ದನಕರು ಎಲ್ಲ ಇದ್ದರೂ ದಾಖಲೆಯಲ್ಲಿ ಊರೇ ಅಲ್ಲದ ನೆಲೆಗಳು. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಕಾಡಂಚಿನ ಹಾಡಿಗಳಲ್ಲಿ ಬಹಳಷ್ಟು ಹೀಗೆಯೇ ಇದ್ದವು. ದಶಕಗಳಿಂದ ಬಾಳಿದ ಮನೆಗೂ ಹಕ್ಕುಪತ್ರವಿರಲಿಲ್ಲ. ಪತ್ರವಿಲ್ಲದೆ ಬ್ಯಾಂಕ್ ಸಾಲವೂ ಕಷ್ಟವಾಗಿತ್ತು. ಹಳ್ಳಿಯ ಜಾತಿ ಲೆಕ್ಕ ಕೇಳುವ ನಾವು, ಊರಾಚೆ ನೆಲೆಸಿದವರನ್ನು ಊರಿನ ಲೆಕ್ಕಕ್ಕೇ ಹಿಡಿಯದೆ ಬಿಟ್ಟದ್ದು ಅನ್ಯಾಯ.

2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ ಐದು ಜಿಲ್ಲೆಗಳ ಇಂಥ ನೆಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ನೀಡಲು ಚಾಲನೆ ದೊರೆಯಿತು. ಆ ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ಜನವಸತಿಗಳು ಕಂದಾಯ ಗ್ರಾಮಗಳೆಂದು, ಅಂದರೆ ದಾಖಲೆಯಲ್ಲೂ ಊರುಗಳೆಂದು, ಘೋಷಣೆಯಾಗಿವೆ.