ಚಿಕ್ಕ ಕಾಡುಹರಳು ಗಿಡವನ್ನು ಗುರುತಿಸುವ ಕ್ರಮ

ಊರ ಹೊರಗಿನ ಹಾಳುಭೂಮಿ, ತಿಪ್ಪೆಯ ಮಗ್ಗುಲು, ರಸ್ತೆಯ ಅಂಚು ಮತ್ತು ಹಳ್ಳದ ದಡಗಳಲ್ಲಿ ಮೂರರಿಂದ ಆರು ಅಡಿಯವರೆಗೆ ಪೊದೆಯಾಗಿ ಬೆಳೆಯುವ ಕೆಂಪು ಛಾಯೆಯ ಗಿಡವೊಂದುಂಟು. ಇದಕ್ಕೆ ಚಿಕ್ಕ ಕಾಡುಹರಳೆಂದು ಹೆಸರು. ಸಸ್ಯಶಾಸ್ತ್ರಜ್ಞರು ಇದನ್ನು ಜಟ್ರೋಫ ಗಾಸಿಪಿಫೋಲಿಯ ಎನ್ನುವರು. ಎರಡನೆಯ ಪದಕ್ಕೆ ಹತ್ತಿಯಂಥ ಎಲೆಯುಳ್ಳದ್ದೆಂದು ಅರ್ಥ. ಹರಳು, ಮರಗೆಣಸು, ಕಳ್ಳಿ ಇವುಗಳ ಯುಫೋರ್ಬಿಯೇಸೀ ಕುಟುಂಬಕ್ಕೇ ಇದೂ ಸೇರಿದ್ದು, ಅಮೆರಿಕ ಖಂಡದ ಉಷ್ಣಪ್ರದೇಶದಿಂದ ಬಂದುದಾಗಿದೆ. ಇದರ ಬೀಜವು ವಿಷವಾದುದರಿಂದ ಮಕ್ಕಳೂ ದನಕರುಗಳೂ ಇರುವ ಪ್ರತಿಯೊಂದು ಗ್ರಾಮದಲ್ಲಿಯೂ ಇದರ ಗುರುತು ತಿಳಿದಿರುವುದು ಅವಶ್ಯಕ.

ಮೊದಲು ಚಿಗುರನ್ನು ನೋಡತಕ್ಕದ್ದು. ಎಳೆಯ ಎಲೆಗಳು ಕಡುಗೆಂಪಾಗಿ ಮುಟ್ಟಿದರೆ ಬೆರಳಿಗೆ ಅಂಟುವುವು; ಬಲಿತಂತೆಲ್ಲಾ ಹಸುರಾಗುವುವು. ಎಲೆಯು ಮೂರು ಅಥವಾ ಐದು ಭಾಗಗಳಾಗಿ ಸೀಳಿರುವುದು. ಎಲೆಯ ಅಂಚಿನಲ್ಲಿಯೂ ತೊಟ್ಟಿನ ಮೇಲೂ ತುದಿಯಲ್ಲಿ ಅಂಟು ಹನಿಯುಳ್ಳ ರೋಮಗಳಿರುವುವು. ಇದೇ ಮುಖ್ಯವಾದ ಗುರುತು. ಹೂಗಳು ಸಣ್ಣವು, ಕಡುಗೆಂಪು ಬಣ್ಣದವು. ಕಾಯಿ ಸುಮಾರು ಅರ್ಧ ಅಂಗುಲದ್ದು, ಮೂರು ಹೋಳಿನದು, ಮುಳ್ಳಿಲ್ಲದ್ದು. ಕೊಂಬೆಯನ್ನು ಮುರಿದರೆ ಕಳ್ಳಿಯಂತೆ ಬಿಳಿಯ ಹಾಲು ಬಾರದೆ ನೀರಿನಂಥ ರಸವು ಒಸರುವುದು.

ಹರಳು ಗಿಡಕ್ಕೂ ಇದಕ್ಕೂ ಭೇದವು ಸುಲಭ. ಹರಳೆಲೆಯ ತೊಟ್ಟು ಛತ್ರಿಯ ಕೋಲಿನಂತೆ ಎಲೆಯ ನಡುಭಾಗಕ್ಕೆ ಸೇರಿರುವುದು. ಇದರಲ್ಲಿ ಅಂಚಿಗೇ ಸೇರಿರುವುದು. ಬೇಲಿಗೆ ಹಾಕುವ ದೊಡ್ಡ ಕಾಡುಹರಳು ಇದಕ್ಕಿಂತ ಎತ್ತರವಾಗಿ ಬೆಳೆಯುವುದಲ್ಲದೆ ಅದರ ಹೂ ಹಸುರು ಬೆರೆತ ಹಳದಿ, ಕಾಯಿ ಬಹಳ ದಪ್ಪ. ಎರೆಭೂಮಿಗಳಲ್ಲಿ ಅಂಟುರೋಮಗಳುಳ್ಳ ಮತ್ತೊಂದು ಜಾತಿಯೂ ಬೆಳೆಯುತ್ತದೆ. ಅದರ ಹೂವೂ ಕೆಂಪಲ್ಲ. ಹೂವಿಲ್ಲದ ಕಾಲದಲ್ಲಿ ಇವೆರಡನ್ನು ಒಂದೆಂದು ತಿಳಿಯುವ ಸಂಭವವುಂಟಾದರೂ, ವಿಷದ ವಿಷಯದಲ್ಲಿ ಎಲ್ಲವನ್ನೂ ಒಂದೇ ಎಂದೆಣಿಸಿ ದೂರವಿಡುವುದೇ ಲೇಸು.

ಬೀಜವನ್ನು ತಿಂದವರಿಗೆ ಹೊಟ್ಟೆನೋವು, ವಾಂತಿ, ಭೇದಿಗಳುಂಟಾಗುವುವು. ಮಕ್ಕಳು ಬೇಗನೆ ನಿತ್ರಾಣರಾಗುವರು. ವಾಂತಿ ಮಾಡಿಸುವುದು, ನಾಟಿ ಮದ್ದು ಕುಡಿಸುವುದು ಮುಂತಾದವುಗಳಲ್ಲಿ ಕಾಲಹರಣ ಮಾಡದೆ ತಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾಯಿಸಹಿತವಾದ ಒಂದು ಕೊಂಬೆಯನ್ನು ಜೊತೆಯಲ್ಲಿ ಕೊಂಡೊಯ್ದರೆ ವೈದ್ಯರಿಗೆ ಸಹಾಯವಾಗುವುದು. ದನಗಳು ಈ ಗಿಡವನ್ನು ಸಾಮಾನ್ಯವಾಗಿ ಮುಟ್ಟವು. ಮೇವು ತೀರಿದ ಕಾಲದಲ್ಲಿ ಮಾತ್ರ ಎಚ್ಚರಿಕೆ ಬೇಕು.

ಗಿಡವನ್ನು ಕಡಿದರೆ ಸಾಲದು, ಬುಡವು ಪುನಃ ಚಿಗುರುವುದು. ಮಳೆ ಬಿದ್ದು ನೆಲ ಮೆತ್ತಗಿರುವಾಗ, ಕಾಯಿ ಬಲಿಯುವುದಕ್ಕೆ ಮುಂಚೆ, ಕೈಗೆ ಬಟ್ಟೆ ಸುತ್ತಿಕೊಂಡು ಬೇರುಸಹಿತ ಕೀಳಬೇಕು. ಒಣಗಿದ ಕಾಯಿಯು ಸಿಡಿದು ಬೀಜವನ್ನು ದೂರಕ್ಕೆ ಎರಚುವುದು. ಹಳ್ಳದ ನೀರು ಅದನ್ನು ಇನ್ನೂ ದೂರ ಒಯ್ಯುವುದು. ಆದಕಾರಣ ಹಳ್ಳದ ದಂಡೆಯಲ್ಲಿ ಕೆಲಸವನ್ನು ಮೇಲ್ಗಡೆಯಿಂದ ಪ್ರಾರಂಭಿಸಿ ಕೆಳಗೆ ಬರತಕ್ಕದ್ದು. ಮೇಲಿನ ಊರಿನವರು ಸುಮ್ಮನಿದ್ದಲ್ಲಿ ಕೆಳಗಿನ ಊರಿನವರ ಶ್ರಮವು ವ್ಯರ್ಥವಾಗುವುದರಿಂದ, ಉಭಯ ಗ್ರಾಮಗಳ ಯಜಮಾನರೂ ಕಲೆತು ದಿನವನ್ನು ಗೊತ್ತುಮಾಡಿಕೊಳ್ಳುವುದು ಉತ್ತಮ. ಕಿತ್ತ ಸ್ಥಳವನ್ನು ಮುಂದಿನ ಮಳೆಗಾಲದಲ್ಲಿ ಮತ್ತೊಮ್ಮೆ ನೋಡಿ, ಹೊಸದಾಗಿ ಹುಟ್ಟಿದ ಸಸಿಗಳನ್ನು ಚಿಕ್ಕವಿರುವಾಗಲೇ ತೆಗೆದುಹಾಕಬೇಕು.